ಎನ್‌ಜಿಒ ನಡೆಸೋಕೆ ಯಾವ ಡಿಗ್ರಿ? ಮುಂಬೈ, ಪುಣೆ, ಗೋವಾದ ಕನ್ನಡಿಗರಿಗೊಂದು ಹೋಲಿಕೆ

"ಅಣ್ಣಾ, ಎಂಎಸ್‌ಡಬ್ಲ್ಯೂ ಮಾಡ್ಲಾ, ಎಂಬಿಎ ಮಾಡ್ಲಾ?" ಎಂಎಸ್‌ಡಬ್ಲ್ಯೂ ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ಮಾಟುಂಗದ ಮೈಸೂರು ಅಸೋಸಿಯೇಷನ್ ಇರಲಿ, ಗೋರೆಗಾಂವ್ ಕರ್ನಾಟಕ ಸಂಘ ಇರಲಿ, ಕಾರ್ಯಕ್ರಮ ಮುಗಿದು ಚಹಾ ಕುಡಿಯುವ ಹೊತ್ತಿಗೆ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಹೋಟೆಲ್, ಬ್ಯಾಂಕು, ಸಾಫ್ಟ್‌ವೇರ್ ಅಂದರೆ ದಾರಿ ತೋರಿಸಲು ಮಾವ, ಚಿಕ್ಕಪ್ಪ, ಪಕ್ಕದ ಮನೆಯವರು ಎಲ್ಲ ಇದ್ದಾರೆ. ಎನ್‌ಜಿಒ ಕೆಲಸಕ್ಕೆ ಅಂಥವರು ನಮ್ಮ ಬಳಗದಲ್ಲಿ ಕಡಿಮೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಈಗಾಗಲೇ ಬರುವುದನ್ನೇ ಮತ್ತೆ ಎರಡು ವರ್ಷ ಓದಬೇಡಿ. ಬಿಕಾಂ ಮಾಡಿ ಲೆಕ್ಕಪತ್ರ ಬಲ್ಲವರು ಬಸ್ತಿಯಲ್ಲಿ, ಅಂದರೆ ಕೊಳೆಗೇರಿಯಲ್ಲಿ, ಸುತ್ತಾಡಿಸುವ ಡಿಗ್ರಿ ಹಿಡಿಯಿರಿ. ಬಸ್ತಿಯಲ್ಲಿ ಹತ್ತು ವರ್ಷ ಸುತ್ತಾಡಿದವರು ಲೆಕ್ಕ ಕಲಿಸುವ ಡಿಗ್ರಿ ಹಿಡಿಯಿರಿ. ಬಹಳ ಜನ ಇದರ ಉಲ್ಟಾ ಮಾಡುತ್ತಾರೆ. ಯಾಕೆಂದರೆ ಗೊತ್ತಿರುವ ವಿಷಯದಲ್ಲಿ ಮಾರ್ಕ್ಸ್ ಬರುತ್ತದೆ, ಧೈರ್ಯವೂ ಇರುತ್ತದೆ.

ಇನ್ನೊಂದು ಮಾತು. ಇಲ್ಲಿ ನಾನು ಹೇಳುತ್ತಿರುವುದು ಎನ್‌ಜಿಒದಲ್ಲಿ ಒಂದು ಕೆಲಸ ಸಿಕ್ಕರೆ ಸಾಕು ಅನ್ನುವವರಿಗಲ್ಲ. ಮುಂದೆ ಒಂದು ದಿನ ಸಂಸ್ಥೆಯನ್ನೋ ಅದರ ಒಂದು ದೊಡ್ಡ ವಿಭಾಗವನ್ನೋ ತಾವೇ ನಡೆಸಬೇಕು ಅನ್ನುವವರಿಗೆ.

ಆ ಕುರ್ಚಿಯಲ್ಲಿ ಕೂತವರು ಏನು ಮಾಡುತ್ತಾರೆ

ಡಿಗ್ರಿ ಹೋಲಿಸುವ ಮೊದಲು ಇದನ್ನು ನೋಡಬೇಕು. ಎನ್‌ಜಿಒ ಡೈರೆಕ್ಟರ್ ಅಂದರೆ ದಿನವಿಡೀ ಮಕ್ಕಳ ಜೊತೆ, ಹೆಂಗಸರ ಗುಂಪುಗಳ ಜೊತೆ ಇರುವವರು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಿಜ ಬೇರೆ. ಅವರ ಹೆಚ್ಚಿನ ಹೊತ್ತು ಹೋಗುವುದು ಹಣ, ಕಾನೂನು, ಜನ ಈ ಮೂರರ ಹಿಂದೆ.

ಹಣದ ಕಥೆ ನೋಡಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನೆಟ್‌ವರ್ತ್, 1000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ, ಖರ್ಚು ಮಾಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ದೊಡ್ಡ ಕಂಪನಿಗಳ ಹೆಡ್ ಆಫೀಸು ಮುಂಬೈನಲ್ಲಿ ಸಾಲುಗಟ್ಟಿ ಇವೆ. ಹಾಗಾಗಿ ಇಲ್ಲಿನ ಎನ್‌ಜಿಒ ಮುಖ್ಯಸ್ಥರ ಕ್ಯಾಲೆಂಡರ್ ಸಿಎಸ್‌ಆರ್ ಅಧಿಕಾರಿಗಳ ಮೀಟಿಂಗ್‌ನಿಂದಲೇ ತುಂಬಿರುತ್ತದೆ. ಮಾರ್ಚ್ ಬಂತೆಂದರೆ ಕೇಳಲೇಬೇಡಿ. ಖರ್ಚಾಗದ ಹಣ ಏನು ಮಾಡಬೇಕು, ಯುಟಿಲೈಸೇಷನ್ ಸರ್ಟಿಫಿಕೇಟ್ ಎಲ್ಲಿ, ಫೋಟೊ ಎಲ್ಲಿ, ಫಲಾನುಭವಿಗಳ ಪಟ್ಟಿ ಎಲ್ಲಿ ಅಂತ ಫೋನ್ ಮೇಲೆ ಫೋನ್.

ಇಲ್ಲೊಂದು ಸಣ್ಣ ಸಂಗತಿ ಹೇಳಬೇಕು. ಬಜೆಟ್ ಮಾತುಕತೆಯಲ್ಲಿ "ಅಡ್ಮಿನ್ ಖರ್ಚು ಶೇ 5 ದಾಟುವ ಹಾಗಿಲ್ಲ, ರೂಲ್ ಇದೆ" ಅಂತ ಕಂಪನಿ ಕಡೆಯವರು ಹೇಳುವುದುಂಟು. ಆ ಶೇ 5ರ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಖರ್ಚಿಗೆ. ಹಣ ಪಡೆದು ಕೆಲಸ ಮಾಡುವ ಸಂಸ್ಥೆಯ ಆಡಳಿತ ಖರ್ಚಿಗೆ ಅಲ್ಲ. ಇದನ್ನು ಬಲ್ಲ ಮ್ಯಾನೇಜರ್ ನಯವಾಗಿ ಹೇಳಿ ಅಕೌಂಟೆಂಟ್‌ನ ಸಂಬಳ, ಆಫೀಸಿನ ಬಾಡಿಗೆ ಎರಡನ್ನೂ ಬಜೆಟ್‌ಗೆ ಸೇರಿಸುತ್ತಾರೆ. ಗೊತ್ತಿಲ್ಲದವರು ತಲೆಯಾಡಿಸಿ ಸಹಿ ಹಾಕಿ ಬರುತ್ತಾರೆ. ಆಮೇಲೆ ವರ್ಷವಿಡೀ ಬಾಡಿಗೆಗೆ ಒದ್ದಾಟ.

ಕಾನೂನೂ ಹಾಗೇ. ಮಹಾರಾಷ್ಟ್ರದಲ್ಲಿ ಟ್ರಸ್ಟ್ ಆಗಲಿ ಸೊಸೈಟಿ ಆಗಲಿ ಚಾರಿಟಿ ಕಮಿಷನರ್ ಕಚೇರಿಯ ಕೈಕೆಳಗೆ ಬರುತ್ತದೆ. ಟ್ರಸ್ಟಿ ಒಬ್ಬರು ತೀರಿಕೊಂಡರು, ಅವರ ಜಾಗಕ್ಕೆ ಇನ್ನೊಬ್ಬರು ಬಂದರು ಅನ್ನಿ. 90 ದಿನದೊಳಗೆ ಚೇಂಜ್ ರಿಪೋರ್ಟ್ ಸಲ್ಲಿಸಬೇಕು. ಸಲ್ಲಿಸದಿದ್ದರೆ ಬ್ಯಾಂಕಿನವರು ಹೊಸ ಸಹಿ ಒಪ್ಪುವುದಿಲ್ಲ, ಕಂಪನಿಯ ಪರಿಶೀಲನೆಯಲ್ಲಿ ಫೈಲು ನಿಂತುಬಿಡುತ್ತದೆ. ಇದರ ಮೇಲೆ ಆದಾಯ ತೆರಿಗೆ ವಿನಾಯಿತಿಯ ನೋಂದಣಿಗಳ (12ಎ, 80ಜಿ ಅಂತ ಕರೆಯುವವು) ನವೀಕರಣ. ಸಿಎಸ್‌ಆರ್ ಹಣ ಬೇಕಿದ್ದರೆ 2021ರಿಂದ ಸಿಎಸ್‌ಆರ್-1 ಫಾರ್ಮ್. ವಿದೇಶಿ ಹಣ ಬರುವುದಾದರೆ ಎಫ್‌ಸಿಆರ್‌ಎ ಅನ್ನುವ ವಿದೇಶಿ ದೇಣಿಗೆ ಕಾಯ್ದೆ. 2020ರ ತಿದ್ದುಪಡಿ ಆದ ಮೇಲೆ ವಿದೇಶಿ ಹಣದಲ್ಲಿ ಆಡಳಿತಕ್ಕೆ ಬಳಸಬಹುದಾದ ಪಾಲು ಶೇ 50ರಿಂದ 20ಕ್ಕೆ ಇಳಿಯಿತು. ಆ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವುದಕ್ಕೂ ತಡೆ ಬಿತ್ತು.

ಇದಿಷ್ಟನ್ನೂ ಒಂದೇ ಕೋರ್ಸಿನಲ್ಲಿ ಕಲಿಸುವವರು ಯಾರು? ಯಾರೂ ಇಲ್ಲ. ಒಂದೊಂದು ಡಿಗ್ರಿ ಒಂದೊಂದು ತುಂಡನ್ನು ಕೊಡುತ್ತದೆ. ಉಳಿದದ್ದನ್ನು ಕೆಲಸದಲ್ಲಿ ಏಟು ತಿಂದೇ ಕಲಿಯಬೇಕು.

ಸ್ಥಾಪಕರನ್ನು ನೋಡಿ ಲೆಕ್ಕ ಹಾಕಬೇಡಿ

"ದೊಡ್ಡ ದೊಡ್ಡ ಎನ್‌ಜಿಒ ಕಟ್ಟಿದವರೆಲ್ಲ ಇಂಥದ್ದೇನೂ ಓದಿಲ್ಲವಲ್ಲ" ಅಂತ ಕೇಳುವವರಿದ್ದಾರೆ. ಹೌದು. ಮಕ್ಕಳಿಗಾಗಿ ದುಡಿಯುವ ಕ್ರೈ ಸಂಸ್ಥೆಯನ್ನು 1979ರಲ್ಲಿ ಶುರು ಮಾಡಿದ ರಿಪ್ಪನ್ ಕಪೂರ್ ಏರ್ ಇಂಡಿಯಾದಲ್ಲಿ ಪರ್ಸರ್ (ವಿಮಾನದ ಪರಿಚಾರಕ) ಆಗಿದ್ದರು. ಧಾರಾವಿಯಲ್ಲಿ ಕೆಲಸ ಮಾಡುವ ಸ್ನೇಹಾ ಸಂಸ್ಥೆಯನ್ನು ಕಟ್ಟಿದ ಅರ್ಮಿಡಾ ಫರ್ನಾಂಡಿಸ್ ಸಯನ್ ಆಸ್ಪತ್ರೆಯ ಮಕ್ಕಳ ವೈದ್ಯೆ. ಮಕ್ಕಳ ಓದಿಗಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆಯ ಸ್ಥಾಪಕರಲ್ಲಿ ಮಾಧವ ಚವಾಣ್ ರಸಾಯನಶಾಸ್ತ್ರದವರು. ಜೊತೆಗಿದ್ದ ಫರೀದಾ ಲಾಂಬೆ ಮಾತ್ರ ಸಮಾಜಕಾರ್ಯದವರು, ಮುಂಬೈನ ನಿರ್ಮಲಾ ನಿಕೇತನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು.

ಆದರೆ ಸ್ಥಾಪಿಸುವವರಿಗೆ ಯಾರೂ ಇಂಟರ್‌ವ್ಯೂ ಮಾಡುವುದಿಲ್ಲ. ಅವರ ನಂತರ ಆ ಕುರ್ಚಿಗೆ ಬರುವವರನ್ನು ಜಾಹೀರಾತು ಕೊಟ್ಟು ಆರಿಸುತ್ತಾರೆ, ಜಾಹೀರಾತಿನಲ್ಲಿ ಸ್ನಾತಕೋತ್ತರ ಪದವಿ ಅಂತ ಇರುತ್ತದೆ. ಮೊದಲ ತಲೆಮಾರಿನ ಬಯೋಡೇಟಾ ನೋಡಿ ಎರಡನೇ ತಲೆಮಾರಿನವರು ಡಿಗ್ರಿ ಬೇಡ ಅಂತ ತೀರ್ಮಾನಿಸುವುದು ಸರಿಯಲ್ಲ. ನೀವೇ ಸಂಸ್ಥೆ ಕಟ್ಟುತ್ತೀರಾದರೆ ಮಾತು ಬೇರೆ. ಆಗ ಡಿಗ್ರಿಗಿಂತ ಒಳ್ಳೆಯ ಸಿಎ ಒಬ್ಬರ ಗೆಳೆತನ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಎಂಎಸ್‌ಡಬ್ಲ್ಯೂ: ಬೆಲೆ ಇರುವುದು ಫೀಲ್ಡ್‌ವರ್ಕ್‌ಗೆ

ಎಂಎಸ್‌ಡಬ್ಲ್ಯೂ ಮತ್ತು ಸಮಾಜಕಾರ್ಯದಲ್ಲಿ ಎಂಎ, ಎರಡೂ ಒಂದೇ ಜಾತಿ. ಮುಂಬೈನಲ್ಲಿ ಇದರ ಬೇರು ಹಳೆಯದು. 1936ರಲ್ಲಿ ನಾಗಪಾಡಾದಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನಲ್ಲಿ ಶುರುವಾದ ಶಾಲೆಯೇ ಇವತ್ತಿನ ಟಿಸ್ (ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್). ಈಗ ದೇವನಾರ್‌ನಲ್ಲಿದೆ. ಚರ್ಚ್‌ಗೇಟ್ ಹತ್ತಿರ ನ್ಯೂ ಮರೀನ್ ಲೈನ್ಸ್‌ನಲ್ಲಿ 1955ರ ನಿರ್ಮಲಾ ನಿಕೇತನ ಇದೆ. ಪುಣೆಯಲ್ಲಿ 1963ರಿಂದ ಕರ್ವೆ ಇನ್‌ಸ್ಟಿಟ್ಯೂಟ್ ಇದೆ. ಪಣಜಿಯ ಡಾನ್ ಬಾಸ್ಕೋ ಕಾಲೇಜಿನಲ್ಲೂ ಸಮಾಜಕಾರ್ಯ ವಿಭಾಗ ಇದೆ. ಅಜ್ಜಿ ಮನೆ ಮಂಗಳೂರಾಗಿದ್ದರೆ ಅಲ್ಲಿನ ರೋಶನಿ ನಿಲಯವನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ನಿರ್ಮಲಾ ನಿಕೇತನವನ್ನು ಶುರು ಮಾಡಿದ ಸಿಸ್ಟರ್‌ಗಳ ಪಂಗಡವೇ 1960ರಲ್ಲಿ ಅದನ್ನೂ ತೆರೆಯಿತು.

ಇಲ್ಲಿ ಕ್ಲಾಸಿಗಿಂತ ಮುಖ್ಯವಾದದ್ದು ಫೀಲ್ಡ್‌ವರ್ಕ್. ವಾರದಲ್ಲಿ ಎರಡು ದಿನ ವಿದ್ಯಾರ್ಥಿ ಒಂದು ಸಂಸ್ಥೆಗೋ ಆಸ್ಪತ್ರೆಗೋ ಬಸ್ತಿಗೋ ಹೋಗಬೇಕು. ಹೋಗಿ ಬಂದು ರೆಕಾರ್ಡಿಂಗ್ ಬರೆಯಬೇಕು. ಯಾರ ಮನೆಗೆ ಹೋದೆ, ಅವರು ಏನಂದರು, ನಾನು ಏನಂದೆ, ಯಾಕೆ ಹಾಗಂದೆ, ಎಲ್ಲ. ಸೂಪರ್‌ವೈಸರ್ ಅದನ್ನು ಓದಿ ವಾರಕ್ಕೊಮ್ಮೆ ಕೂರಿಸಿಕೊಂಡು ಕೇಳುತ್ತಾರೆ. "ಆ ಹೆಂಗಸು ಸುಮ್ಮನಾದಳು ಅಂತ ಬರೆದಿದ್ದೀಯ. ಅತ್ತೆ ಒಳಗೆ ಬಂದ ಮೇಲೆ ಸುಮ್ಮನಾದಳೋ ಅದಕ್ಕೆ ಮುಂಚೆಯೋ?" ಇಂಥ ಪ್ರಶ್ನೆಗಳು. ಮೊದಲ ಎರಡು ತಿಂಗಳು ಕಿರಿಕಿರಿ ಅನ್ನಿಸುತ್ತದೆ. ಆಮೇಲೆ ಕಣ್ಣು ತಾನಾಗಿ ಬಾಗಿಲ ಕಡೆ ಹೋಗತೊಡಗುತ್ತದೆ, ಯಾರು ಬಂದರು, ಯಾರ ಮುಖ ಬದಲಾಯಿತು ಅಂತ. ಮುಂದೆ ನೂರು ಜನ ಸಿಬ್ಬಂದಿಯ ಮೀಟಿಂಗ್ ನಡೆಸುವಾಗ ಇದೇ ಕಣ್ಣು ಬೇಕಾಗುತ್ತದೆ. ಯಾವ ಎಂಬಿಎಯಲ್ಲೂ ನಾನು ಇದನ್ನು ಕಂಡಿಲ್ಲ.

ದೇವನಾರ್‌ಗೆ ಇನ್ನೊಂದು ಅನುಕೂಲ ಇದೆ. ಎಂ ಈಸ್ಟ್ ವಾರ್ಡ್ ಅಲ್ಲೇ ಬಾಗಿಲಲ್ಲಿದೆ: ಗೋವಂಡಿ, ಶಿವಾಜಿನಗರ, 1927ರಿಂದ ಕಸ ಸುರಿಯುತ್ತಿರುವ ಡಂಪಿಂಗ್ ಗ್ರೌಂಡ್. ಮುಂಬೈನ ಮಾನವ ಅಭಿವೃದ್ಧಿ ವರದಿಯಲ್ಲಿ ತಳದಲ್ಲಿದ್ದ ವಾರ್ಡ್ ಅದು. ಟಿಸ್‌ನ ವಿದ್ಯಾರ್ಥಿಗಳು ವರ್ಷಗಳಿಂದ ಆ ವಾರ್ಡಿನಲ್ಲಿ ಓಡಾಡುತ್ತಿದ್ದಾರೆ. 1996ರಲ್ಲಿ ಮುಂಬೈನಲ್ಲಿ ಮಕ್ಕಳ ಸಹಾಯವಾಣಿ ಚೈಲ್ಡ್‌ಲೈನ್ 1098 ಶುರುವಾದದ್ದೂ ಟಿಸ್‌ನ ಫೀಲ್ಡ್ ಪ್ರಾಜೆಕ್ಟ್ ಆಗಿಯೇ.

ಹಳ್ಳಿ ಕಡೆ ಕೆಲಸ ಮಾಡುವ ಮನಸ್ಸಿದ್ದರೆ ಟಿಸ್‌ನ ತುಳಜಾಪುರ ಕ್ಯಾಂಪಸ್ಸನ್ನು ಮರೆಯಬೇಡಿ. 1986ರಿಂದ ಇದೆ, ಸೋಲಾಪುರಕ್ಕೆ ಹತ್ತಿರ. ನಮ್ಮವರು ತುಳಜಾಭವಾನಿಗೆ ಹೋಗುತ್ತಾರೆ, ಪಕ್ಕದಲ್ಲೇ ಇಂಥ ಜಾಗ ಇದೆ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಅಕ್ಕಲಕೋಟೆ, ದಕ್ಷಿಣ ಸೋಲಾಪುರದ ಎಷ್ಟೋ ಹಳ್ಳಿಗಳಲ್ಲಿ ಕನ್ನಡವೇ ಮನೆಮಾತು.

ಕನ್ನಡದ ಮಾತು ಬಂತು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮುಂಬೈ, ಪುಣೆಯ ಫೀಲ್ಡ್‌ವರ್ಕ್‌ಗೆ ಮರಾಠಿ ಬೇಕೇ ಬೇಕು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬರೀ ಹಿಂದಿಯಲ್ಲಿ ಕಾಲ ಹಾಕಿದ ಮಕ್ಕಳು ಅಲ್ಲಿ ಒದ್ದಾಡುತ್ತಾರೆ. ಆದರೆ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದ ಕಟ್ಟಡ ಕಾರ್ಮಿಕರು ಮುಂಬೈನಲ್ಲೂ ಇದ್ದಾರೆ, ಪುಣೆಯಲ್ಲೂ ಇದ್ದಾರೆ. ಗೋವಾದಲ್ಲಿ ವಾಸ್ಕೋ, ಝುವಾರಿನಗರದ ಕಡೆ ಹೋದರಂತೂ ಬೀದಿಯಲ್ಲೇ ಕನ್ನಡ ಕೇಳುತ್ತದೆ. ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ದುಡಿಯುವ ಮುಂಬೈ ಮೊಬೈಲ್ ಕ್ರೆಶಸ್‌ನಂಥ ಸಂಸ್ಥೆಗಳಿಗೆ ಆ ಭಾಷೆ ಬಲ್ಲವರು ಬಂದರೆ ಲಾಭವೇ. ಬಯೋಡೇಟಾದಲ್ಲಿ ಕನ್ನಡವನ್ನು ಕೊನೆಯ ಸಾಲಿಗೆ ತಳ್ಳಬೇಡಿ.

ಕೊರತೆಗಳೂ ಇವೆ. ಎಂಎಸ್‌ಡಬ್ಲ್ಯೂ ಮಾಡಿದವರಲ್ಲಿ ಬ್ಯಾಲೆನ್ಸ್ ಶೀಟ್ ಓದಲು ಬಾರದವರು ಬಹಳ. ಆಡಳಿತ, ಹಣಕಾಸಿನ ಪೇಪರ್ ಸಿಲೆಬಸ್‌ನಲ್ಲಿ ಇದ್ದರೂ ಪಾಸಾಗುವಷ್ಟು ಓದಿ ಬಿಡುತ್ತಾರೆ. ಶುರುವಿನ ಸಂಬಳವೂ ಕಡಿಮೆ. ಫೀಲ್ಡ್ ಕೋಆರ್ಡಿನೇಟರ್ ಆಗಿ ಸೇರಿ ಹತ್ತು ವರ್ಷವಾದರೂ ಪ್ರೋಗ್ರಾಂ ಮ್ಯಾನೇಜರ್ ಮಟ್ಟದಲ್ಲೇ ನಿಲ್ಲುವವರು ಇದ್ದಾರೆ. ಅವರನ್ನು ಅಲ್ಲಿ ನಿಲ್ಲಿಸುವುದು ಹೆಚ್ಚಾಗಿ ಬಜೆಟ್ ಮಾಡಲು ಬಾರದಿರುವುದೇ. ಇನ್ನೊಂದು ಸಮಾಧಾನ ಏನೆಂದರೆ ಅನುದಾನಿತ ಕಾಲೇಜಿನಲ್ಲಿ ಫೀಸು ಮಧ್ಯಮ ವರ್ಗದ ಮನೆಗೆ ಎಟಕುತ್ತದೆ. ಸಾಲ ಮಾಡದೆ ಮುಗಿಸಬಹುದು. ಈ ಕ್ಷೇತ್ರದಲ್ಲಿ ಅದು ಸಣ್ಣ ಮಾತಲ್ಲ.

ಎಂಬಿಎ ಮತ್ತು ಮ್ಯಾನೇಜ್‌ಮೆಂಟ್ ಕೋರ್ಸುಗಳು: ಮೊದಲು ಇಎಂಐ ಲೆಕ್ಕ ಹಾಕಿ

ಇಲ್ಲಿ ಮೂರು ಬಗೆ ಇವೆ. ಮೂರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ಒಂದು, ಮಾಮೂಲಿ ಎಂಬಿಎ. ಫೈನಾನ್ಸ್, ಮಾರ್ಕೆಟಿಂಗ್, ಎಚ್‌ಆರ್. ಮುಗಿಸಿ ಕೆಲವು ವರ್ಷ ಕಂಪನಿಯಲ್ಲಿದ್ದು ಆಮೇಲೆ ಎನ್‌ಜಿಒ ಕಡೆ ಬರುವುದು. ಗೋವಾದ ಸಾಂಖಳಿಯಲ್ಲಿರುವ ಗೋವಾ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ 1993ರದ್ದು. ಅಲ್ಲಿ ವಿದ್ಯಾರ್ಥಿಗಳು ಸ್ಥಳೀಯ ಸಂಸ್ಥೆ, ಶಾಲೆ, ಪಂಚಾಯಿತಿಗಳ ಜೊತೆ ಕೆಲಸ ಮಾಡುವ 'ಗಿವ್ ಗೋವಾ' ಕಾರ್ಯಕ್ರಮ ಇದೆ. ಅಂಧೇರಿಯ ಮ್ಯಾನೇಜ್‌ಮೆಂಟ್ ಸಂಸ್ಥೆ ಎಸ್‌ಪಿ ಜೈನ್ ಕೂಡ ತನ್ನ ವಿದ್ಯಾರ್ಥಿಗಳನ್ನು ಎನ್‌ಜಿಒಗಳಿಗೆ ಕಳಿಸುತ್ತದೆ. ರುಚಿ ನೋಡಲು ಇಷ್ಟು ಸಾಕು. ಇದನ್ನೇ ಕ್ಷೇತ್ರದ ಅನುಭವ ಅಂದುಕೊಂಡರೆ ಕಷ್ಟ.

ಎರಡು, ಈ ಕ್ಷೇತ್ರಕ್ಕೆಂದೇ ಮಾಡಿದ ಪೂರ್ಣಾವಧಿ ಕೋರ್ಸು. ಟಿಸ್‌ನಲ್ಲಿ 2007ರಲ್ಲಿ ಶುರುವಾದ ಸೋಶಿಯಲ್ ಎಂಟರ್‌ಪ್ರೆನ್ಯೂರ್‌ಶಿಪ್ (ಸಾಮಾಜಿಕ ಉದ್ಯಮಶೀಲತೆ) ಎಂಎ ಈ ಸಾಲಿನದು. ಮುಂಬೈನ ಎನ್‌ಎಂಐಎಂಎಸ್ ಕೂಡ ಅದೇ ವಿಷಯದಲ್ಲಿ ಎಂಬಿಎ ನಡೆಸಿಕೊಂಡು ಬಂದಿದೆ. ಇಂಥ ಕೋರ್ಸುಗಳ ಬ್ಯಾಚ್ ಚಿಕ್ಕದು. ನೀವು ಸೇರುವ ವರ್ಷ ಪ್ರವೇಶ ಇದೆಯೇ ಅಂತ ಮೊದಲು ನೋಡಿಕೊಳ್ಳಿ. ಮುಂಬೈ ಬಿಟ್ಟು ಹೋಗಲು ತಯಾರಿದ್ದರೆ ಗುಜರಾತಿನ ಆನಂದ್‌ನಲ್ಲಿ ಅಮುಲ್ ಖ್ಯಾತಿಯ ಕುರಿಯನ್ ಅವರು 1979ರಲ್ಲಿ ಕಟ್ಟಿದ, ಗ್ರಾಮೀಣ ಮ್ಯಾನೇಜ್‌ಮೆಂಟ್ ಕಲಿಸುವ ಇರ್ಮಾ ಇದೆ. 2025ರಲ್ಲಿ ಅದು ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯವಾಯಿತು. ಹಾಲು, ಸಹಕಾರಿ, ರೈತ ಉತ್ಪಾದಕ ಕಂಪನಿ ಇವುಗಳ ಕಡೆ ಒಲವಿದ್ದರೆ ಈ ಭಾಗದ ಯಾವ ಎಂಬಿಎಗಿಂತಲೂ ಅದೇ ಮೇಲು ಅಂತ ನನ್ನ ಅಭಿಪ್ರಾಯ.

ಮೂರು, ಕೆಲಸ ಬಿಡದೆ ಮಾಡುವ ಕೋರ್ಸು. ಎಸ್‌ಪಿ ಜೈನ್‌ನ ಡೆವಲಪ್‌ಮೆಂಟ್ ಮ್ಯಾನೇಜ್‌ಮೆಂಟ್ ಕೋರ್ಸು ಇಂಥದ್ದು. ಎನ್‌ಜಿಒದಲ್ಲಿ ಈಗಾಗಲೇ ದುಡಿಯುತ್ತಿರುವವರಿಗೆಂದೇ ಮಾಡಿದ್ದು. ಆಗಾಗ ಕೆಲವು ದಿನ ಅಂಧೇರಿಗೆ ಬಂದು ಕ್ಲಾಸು ಕೇಳಿ, ಮತ್ತೆ ನಿಮ್ಮ ಕೆಲಸಕ್ಕೆ ಹೋಗುತ್ತೀರಿ. ಸೋಮವಾರ ಕಲಿತ ಬಜೆಟ್ ಪಾಠವನ್ನು ಮುಂದಿನ ವಾರ ನಿಮ್ಮದೇ ಸಂಸ್ಥೆಯ ಬಜೆಟ್ ಮೇಲೆ ಪ್ರಯೋಗ ಮಾಡಬಹುದು. ಐದಾರು ವರ್ಷ ಕೆಲಸ ಮಾಡಿ ಮೇಲಿನ ಮೆಟ್ಟಿಲು ಸಿಗದೆ ನಿಂತವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇಂಥ ಕೋರ್ಸನ್ನೇ. ಫೀಸಿನಲ್ಲಿ ಸ್ವಲ್ಪ ಪಾಲು ಕೊಡುವಿರಾ ಅಂತ ನಿಮ್ಮ ಸಂಸ್ಥೆಯನ್ನು ಕೇಳಿ ನೋಡಿ. ನಾಚಿಕೆ ಬೇಡ. ಟ್ರೈನಿಂಗ್‌ಗೆಂದು ದಾನಿಗಳ ಬಜೆಟ್‌ನಲ್ಲಿ ಹಣ ಇಟ್ಟಿರುವುದೂ ಉಂಟು.

ಈಗ ಇಎಂಐ. ಖಾಸಗಿ ಸಂಸ್ಥೆಯಲ್ಲಿ ಪೂರ್ಣಾವಧಿ ಎಂಬಿಎ ಅಂದರೆ ಖರ್ಚು ಹತ್ತು ಲಕ್ಷ ದಾಟುವುದು ಸಾಮಾನ್ಯ. ಊಟ, ಹಾಸ್ಟೆಲ್ ಸೇರಿ 15 ಲಕ್ಷ ಸಾಲ ಮಾಡಿದಿರಿ ಅನ್ನಿ. ಶೇ 10ರ ಬಡ್ಡಿ, ಹತ್ತು ವರ್ಷದ ಕಂತು. ತಿಂಗಳಿಗೆ ಸುಮಾರು 19,800 ರೂಪಾಯಿ. ಕಂಪನಿ ಸಂಬಳದಲ್ಲಿ ಅದು ಗೊತ್ತಾಗುವುದಿಲ್ಲ. ಎನ್‌ಜಿಒದ ಶುರುವಿನ ಸಂಬಳದಲ್ಲಿ ಮುಂಬೈ ಬಾಡಿಗೆ ಕಟ್ಟಿ, ಲೋಕಲ್ ಪಾಸ್ ತೆಗೆದು, ಮನೆಗೊಂದಿಷ್ಟು ಕಳಿಸಿ, ಮೇಲೆ 19,800 ಕಟ್ಟುವುದು ಹೇಗೆ? ಹೀಗೇ ಒಳ್ಳೊಳ್ಳೆಯ ಹುಡುಗರು "ಎರಡು ವರ್ಷ ಕಂಪನಿಯಲ್ಲಿದ್ದು ಸಾಲ ತೀರಿಸಿ ಬರ್ತೀನಿ" ಅಂತ ಹೋಗುತ್ತಾರೆ. ಆಮೇಲೆ ಮದುವೆ, ಫ್ಲಾಟು, ಮಗು. ತಪ್ಪೇನಿಲ್ಲ ಅನ್ನಿ. ಆದರೆ ಎನ್‌ಜಿಒ ಅಲ್ಲಿಗೆ ಮುಗಿಯಿತು.

ಹಾಗಾಗಿ ಸಾಲ ಮಾಡಿ ಎಂಬಿಎ ಸೇರುವವರು ಸೇರುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದು ನೋಡಿ: ಕಂತು ಎಷ್ಟು, ನೀವು ಬಯಸುವ ಕೆಲಸದ ಶುರುವಿನ ಸಂಬಳ ಎಷ್ಟು. ಸಂಬಳದ ಕಾಲುಭಾಗಕ್ಕಿಂತ ಜಾಸ್ತಿ ಕಂತಿಗೇ ಹೋಗುವುದಾದರೆ ಆ ಕೋರ್ಸು ಬಿಡಿ.

ಎಂಎ, ಪಬ್ಲಿಕ್ ಪಾಲಿಸಿ, ಎಂಟೆಕ್, ಪಬ್ಲಿಕ್ ಹೆಲ್ತ್

ಡೆವಲಪ್‌ಮೆಂಟ್ ಸ್ಟಡೀಸ್ ಎಂಎ ಓದಿದವರು ಚೆನ್ನಾಗಿ ಯೋಚಿಸುತ್ತಾರೆ, ಚೆನ್ನಾಗಿ ಬರೆಯುತ್ತಾರೆ. ಪ್ರಪೋಸಲ್ ಬರೆಯುವುದು, ಸಂಶೋಧನೆ, ಮೌಲ್ಯಮಾಪನ ಇವುಗಳಿಗೆ ಬೇಡಿಕೆ ಇದ್ದೇ ಇದೆ. ಆದರೆ ಇಲ್ಲಿಂದ ನಡೆಸುವ ಕುರ್ಚಿಗೆ ದಾರಿ ಸುತ್ತು ಬಳಸಿನದು. ಜನರನ್ನು ಸಂಭಾಳಿಸುವ ಅಭ್ಯಾಸ ಈ ಓದಿನಲ್ಲಿ ಆಗುವುದಿಲ್ಲ. ಪುಣೆಯಲ್ಲಿ 1930ರ ಗೋಖಲೆ ಇನ್‌ಸ್ಟಿಟ್ಯೂಟ್ ಇದೆ, ಅರ್ಥಶಾಸ್ತ್ರ ಬಲವಾಗಿ ಬೇಕಿದ್ದರೆ ಒಳ್ಳೆಯದು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಡೆವಲಪ್‌ಮೆಂಟ್ ಎಂಎಗೆ ಮುಂಬೈ ಮಕ್ಕಳೂ ಹೋಗುತ್ತಾರೆ.

ಎಂಜಿನಿಯರುಗಳು ಐಐಟಿ ಬಾಂಬೆಯ ಸಿತಾರಾ ಕೇಂದ್ರವನ್ನು ನೋಡಿ. ಅಲ್ಲಿ ಟೆಕ್ನಾಲಜಿ ಅಂಡ್ ಡೆವಲಪ್‌ಮೆಂಟ್‌ನಲ್ಲಿ ಎಂಟೆಕ್ ಇದೆ. ನೀರು, ಒಲೆ, ಕೃಷಿ ಇಂಥ ವಿಷಯ. ಹಳ್ಳಿಯಲ್ಲಿ ತಂಗಿ ಮಾಡುವ ಕೆಲಸವೂ ಓದಿನ ಭಾಗ. ಗೇಟ್ ಬರೆದು ಹೋದರೆ ಸ್ಟೈಪೆಂಡ್ ಕೂಡ ಸಿಗಬಹುದು. ನಮ್ಮ ಮನೆಗಳಲ್ಲಿ "ಎಂಜಿನಿಯರಿಂಗ್ ಬಿಟ್ಟು ಸಮಾಜಸೇವೆನಾ?" ಅಂತ ಅಪ್ಪ ಸಿಟ್ಟಾದರೆ ಈ ದಾರಿ ಸಂಧಾನಕ್ಕೂ ಅನುಕೂಲ. ಐಐಟಿ ಅನ್ನುವ ಹೆಸರು ಅರ್ಧ ಸಿಟ್ಟು ಇಳಿಸುತ್ತದೆ. ಅಲ್ಲೇ ಪಬ್ಲಿಕ್ ಪಾಲಿಸಿ ಸ್ನಾತಕೋತ್ತರವೂ ಇದೆ. ಸರ್ಕಾರದ ಜೊತೆ ಕೆಲಸ ಮಾಡುವ ಸಂಸ್ಥೆಗಳಿಗೆ ಅದು ಹೊಂದುತ್ತದೆ.

ಆರೋಗ್ಯದ ಎನ್‌ಜಿಒ ನಿಮ್ಮ ಗುರಿಯಾದರೆ ಎಂಎಸ್‌ಡಬ್ಲ್ಯೂಗಿಂತ ಪಬ್ಲಿಕ್ ಹೆಲ್ತ್ ಸ್ನಾತಕೋತ್ತರ ಮೇಲು. ಗೋವಾದಲ್ಲಿ 1996ರಿಂದ ಮಾನಸಿಕ ಆರೋಗ್ಯಕ್ಕೆ ದುಡಿಯುತ್ತಿರುವ ಸಂಗಾತ್‌ನಂಥ ಸಂಸ್ಥೆಗಳಲ್ಲಿ ಸಂಶೋಧನೆಯ ಭಾಷೆ ಬಾರದೆ ಮೇಲೆ ಹೋಗುವುದು ಕಷ್ಟ.

ವಿದೇಶ, ದೂರಶಿಕ್ಷಣ

ನಾನ್‌ಪ್ರಾಫಿಟ್ ಮ್ಯಾನೇಜ್‌ಮೆಂಟ್ ಅಂತಲೇ ಹೆಸರಿಟ್ಟ ಡಿಗ್ರಿ ಅಮೆರಿಕದಲ್ಲಿ ಬೇಕಾದಷ್ಟು ಸಿಗುತ್ತದೆ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಂತೂ ದಾನಧರ್ಮದ ಅಧ್ಯಯನಕ್ಕೇ ಲಿಲ್ಲಿ ಹೆಸರಿನ ಒಂದು ಶಾಲೆ ಇದೆ. ಆದರೆ ಅಲ್ಲಿ ಕಾನೂನು ಕಲಿಸುವುದು ಅವರದು: ತೆರಿಗೆ ವಿನಾಯಿತಿಯ 501(ಸಿ)(3), ವಾರ್ಷಿಕ ಲೆಕ್ಕದ ಫಾರ್ಮ್ 990. ಓದಿ ಬಂದು ವರ್ಲಿಯ ಚಾರಿಟಿ ಕಮಿಷನರ್ ಕಚೇರಿಯಲ್ಲಿ ಚೇಂಜ್ ರಿಪೋರ್ಟ್ ಹಿಡಿದು ನಿಂತರೆ ಆ ಪಾಠ ಉಪಯೋಗಕ್ಕೆ ಬಾರದು. ಅಂತಾರಾಷ್ಟ್ರೀಯ ಸಂಸ್ಥೆಗಳಲ್ಲೇ ಇರುತ್ತೀನಿ ಅನ್ನುವವರಿಗೆ ಸರಿ. ಉಳಿದವರು ಸ್ಕಾಲರ್‌ಶಿಪ್ ಸಿಕ್ಕರೆ ಹೋಗಿ, ಸಾಲ ಮಾಡಿ ಹೋಗಬೇಡಿ. ಬ್ರಿಟನ್ನಿನ ಚೀವ್ನಿಂಗ್ ಸ್ಕಾಲರ್‌ಶಿಪ್‌ಗೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಬೇಕು. ಹೇಗೂ ಇಲ್ಲೇ ಕೆಲಸ ಮಾಡುವವರಿಗೆ ಆ ಷರತ್ತು ಭಾರವಲ್ಲ. ಮುಂಬೈನಲ್ಲೇ ಇರುವ ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ವಿದೇಶದಲ್ಲಿ ಓದುವವರಿಗೆ ಸಾಲ ರೂಪದ ವಿದ್ಯಾರ್ಥಿವೇತನ ಕೊಡುತ್ತಿದೆ.

ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಎಂಎಸ್‌ಡಬ್ಲ್ಯೂ ಅತಿ ಕಡಿಮೆ ಖರ್ಚಿನದು. ಎನ್‌ಜಿಒದಲ್ಲಿ ಹತ್ತು ವರ್ಷ ದುಡಿದು, ಬಡ್ತಿಗೆ ಪದವಿ ಕಾಗದ ಮಾತ್ರ ಅಡ್ಡ ಇದ್ದರೆ ಅದು ಸಾಕು. ಕ್ಷೇತ್ರಕ್ಕೇ ಹೊಸಬರಾದವರು ಅದನ್ನು ಮಾಡಿದರೆ ಸಿಗುವುದು ಡಿಗ್ರಿ ಮಾತ್ರ. ಸೂಪರ್‌ವೈಸರ್ ಎದುರು ಕೂತು ಬೆವರುವ ಆ ವಾರದ ಪಾಠ ಅಲ್ಲಿ ತೆಳು.

ಯಾರು ಯಾವುದನ್ನು ಹಿಡಿಯಬೇಕು

ಬಿಕಾಂ ಮುಗಿಸಿದ ಇಪ್ಪತ್ತೊಂದರ ಹುಡುಗಿ, ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂತು ಲೆಕ್ಕ ನೋಡಿದವಳು ಅನ್ನಿ. ಅವಳಿಗೆ ಎಂಎಸ್‌ಡಬ್ಲ್ಯೂ. ಲೆಕ್ಕ ಬರುತ್ತದೆ, ಜನ ಸಂಭಾಳಿಸಿ ಗೊತ್ತು, ಕಾಣದಿರುವುದು ಬಸ್ತಿ ಮಾತ್ರ. ಗಲ್ಲಾ ನೋಡಿಕೊಂಡವರು ಬಸ್ತಿಯನ್ನೂ ಅರಿತುಬಿಟ್ಟರೆ ಮೂವತ್ತೈದರೊಳಗೆ ಸಂಸ್ಥೆ ನಡೆಸಬಲ್ಲರು ಅಂತ ನಾನು ನಂಬಿದ್ದೇನೆ.

ಎಂಎಸ್‌ಡಬ್ಲ್ಯೂ ಆಗಿ ಏಳೆಂಟು ವರ್ಷವಾಗಿ ಪ್ರೋಗ್ರಾಂ ಮ್ಯಾನೇಜರ್ ಆಗಿರುವವರಿಗೆ ಕೆಲಸ ಬಿಡದೆ ಮಾಡುವ ಮ್ಯಾನೇಜ್‌ಮೆಂಟ್ ಕೋರ್ಸು. ಇನ್ನೊಂದು ಎಂಎ ಬೇಡ, ಪಿಎಚ್‌ಡಿಯಂತೂ ಬೇಡವೇ ಬೇಡ.

ಪುಣೆಯ ಹಿಂಜೆವಾಡಿಯಲ್ಲಿ ಐಟಿ ಕೆಲಸ, ಮೂವತ್ತು ದಾಟಿದೆ, ಮನೆ ಸಾಲ ಇದೆ, ಮನಸ್ಸು ಮಾತ್ರ ಈ ಕಡೆ. ಇಂಥವರು ಡಿಗ್ರಿಗೆ ಅರ್ಜಿ ಹಾಕುವ ಮೊದಲು ಒಂದು ವರ್ಷ ಶನಿವಾರ ಭಾನುವಾರ ಯಾವುದಾದರೂ ಸಣ್ಣ ಸಂಸ್ಥೆಯ ಲೆಕ್ಕ ಬರೆಯಿರಿ. ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುವುದಲ್ಲ, ಲೆಕ್ಕ. ವೋಚರ್ ಜೋಡಿಸಿ, ಆಡಿಟರ್ ಜೊತೆ ಕೂರಿ. ಬೇಸರ ಬರಲಿಲ್ಲವೆಂದರೆ ಕೆಲಸ ಬದಲಿಸಿ. ಅನೇಕ ಸಲ ಡಿಗ್ರಿಯೇ ಬೇಕಾಗುವುದಿಲ್ಲ. ಹಣಕಾಸು, ಐಟಿ ಬಲ್ಲವರಿಗಾಗಿ ದೊಡ್ಡ ಎನ್‌ಜಿಒಗಳು ಕಾಯುತ್ತಿರುತ್ತವೆ.

ಸಿಎ ಅಥವಾ ವಕೀಲರಾದವರು ಇದರಲ್ಲಿ ಯಾವುದನ್ನೂ ಮಾಡಬೇಡಿ, ನೇರ ಬನ್ನಿ. ಸಮಾಜಸೇವಾ ಸಂಸ್ಥೆಗಳು ಲಿಸ್ಟ್ ಆಗಿ ಹಣ ಎತ್ತುವ ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಕೂಡ ಈಗ ಬಂದಿದೆ. 2023ರ ಡಿಸೆಂಬರ್‌ನಲ್ಲಿ ಮೊದಲು ಲಿಸ್ಟ್ ಆದದ್ದು ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಶನ್. ಇಂಥ ಕೆಲಸಗಳಿಗೆ ಎಂಎಸ್‌ಡಬ್ಲ್ಯೂಗಳು ಸಾಕಾಗುವುದಿಲ್ಲ.

ಸೇರುವ ಮೊದಲು ಕೇಳಬೇಕಾದ್ದು, ಮಾಡಬೇಕಾದ್ದು

ಬ್ರೋಷರ್ ಪಕ್ಕಕ್ಕಿಡಿ. ಎಂಎಸ್‌ಡಬ್ಲ್ಯೂ ಆದರೆ ಕಳೆದ ವರ್ಷ ವಿದ್ಯಾರ್ಥಿಗಳನ್ನು ಕಳಿಸಿದ ಸಂಸ್ಥೆಗಳ ಪಟ್ಟಿ ಕೇಳಿ. ಒಬ್ಬ ಸೂಪರ್‌ವೈಸರ್ ಕೈಕೆಳಗೆ ಎಷ್ಟು ಜನ ಅಂತ ಕೇಳಿ. ಎಂಟು ಹತ್ತು ಜನ ಆದರೆ ಸರಿ, ಇಪ್ಪತ್ತೈದು ಅಂದರೆ ರೆಕಾರ್ಡಿಂಗ್ ಯಾರೂ ಓದುವುದಿಲ್ಲ ಅಂತ ತಿಳಿಯಿರಿ. ಎಂಬಿಎ ಆದರೆ ಕಳೆದ ಮೂರು ಬ್ಯಾಚಿನಲ್ಲಿ ನಿಜವಾಗಿ ಎನ್‌ಜಿಒಗೆ ಹೋದವರು ಎಷ್ಟು, ಕಂಪನಿಯ ಸಿಎಸ್‌ಆರ್ ವಿಭಾಗಕ್ಕೆ ಹೋದವರು ಎಷ್ಟು ಅಂತ ಬೇರೆ ಬೇರೆ ಮಾಡಿ ಕೇಳಿ. ಎರಡನ್ನೂ ಸೇರಿಸಿ 'ಸೋಶಿಯಲ್ ಸೆಕ್ಟರ್' ಅಂತ ತೋರಿಸುವುದು ಎಲ್ಲೆಡೆ ಇದೆ.

ವೇಳೆಯ ಲೆಕ್ಕವೂ ಇರಲಿ. ಎಂಬಿಎ ಪ್ರವೇಶ ಪರೀಕ್ಷೆ ಕ್ಯಾಟ್ ನವೆಂಬರ್ ಕೊನೆಗೆ, ಅರ್ಜಿ ಆಗಸ್ಟ್‌ನಲ್ಲೇ ಶುರು. ಟಿಸ್‌ನ ಹೆಚ್ಚಿನ ಎಂಎಗಳಿಗೆ ಈಗ ಸಿಯುಇಟಿ-ಪಿಜಿ ಬರೆಯಬೇಕು. ಅದು ಸಾಮಾನ್ಯವಾಗಿ ಮಾರ್ಚ್‌ನಲ್ಲಿ, ಅರ್ಜಿ ವರ್ಷದ ಕೊನೆಗೆ. ಟಿಸ್‌ಗೆ ಬೇರೆಯಾಗಿ ಇನ್ನೊಂದು ಅರ್ಜಿ ಹಾಕುವುದನ್ನು ಮರೆತು ಅವಕಾಶ ಕಳೆದುಕೊಳ್ಳುವವರು ಇದ್ದಾರೆ.

ಕೊನೆಯದಾಗಿ ಕಾಗದಪತ್ರ. ನಮ್ಮವರು ಎಡವುವುದು ಇಲ್ಲೇ ಜಾಸ್ತಿ. ಮಹಾರಾಷ್ಟ್ರದ ಡೊಮಿಸೈಲ್‌ಗೆ (ವಾಸಸ್ಥಳ ಪ್ರಮಾಣಪತ್ರಕ್ಕೆ) 15 ವರ್ಷದ ವಾಸದ ದಾಖಲೆ ಬೇಕು. ಕರ್ನಾಟಕದಲ್ಲಿ ತೆಗೆಸಿದ ಜಾತಿ ಪ್ರಮಾಣಪತ್ರ ಮಹಾರಾಷ್ಟ್ರ ರಾಜ್ಯದ ಮೀಸಲು ಸೀಟಿಗೆ ನಡೆಯುವುದಿಲ್ಲ. ಮುಂಬೈ ಅಥವಾ ಪುಣೆ ವಿಶ್ವವಿದ್ಯಾಲಯದ ಕಾಲೇಜಿಗೆ ಅರ್ಜಿ ಹಾಕುವಾಗ ಇದು ಎದುರಾಗುತ್ತದೆ. ಟಿಸ್, ಐಐಟಿಯಂಥ ಕಡೆ ಲೆಕ್ಕಕ್ಕೆ ಬರುವುದು ಕೇಂದ್ರದ ಪಟ್ಟಿ ಮತ್ತು ಕೇಂದ್ರದ ನಮೂನೆ. ಒಬಿಸಿ ಆದರೆ ನಾನ್ ಕ್ರೀಮಿ ಲೇಯರ್ ಪತ್ರವೂ ಚಾಲ್ತಿಯದ್ದೇ ಆಗಿರಬೇಕು. ಸಮುದಾಯದ ಸಂಘಗಳು ಪ್ರತಿ ವರ್ಷ ಕೊಡುವ ವಿದ್ಯಾರ್ಥಿವೇತನಕ್ಕೂ ಇದೇ ಕಾಗದಗಳ ಜೆರಾಕ್ಸ್ ಕೇಳುತ್ತಾರೆ. ಊರಿನ ತಾಲ್ಲೂಕು ಕಚೇರಿಗೆ ಹೋಗಿ ಬರುವ ಕೆಲಸ ಇದ್ದರೆ ಡಿಗ್ರಿಯ ಕೊನೆಯ ವರ್ಷದ ದೀಪಾವಳಿ ರಜೆಯಲ್ಲೇ ಮುಗಿಸಿಕೊಳ್ಳಿ. ಮಾರ್ಚ್‌ನಲ್ಲಿ ಪರೀಕ್ಷೆ ಇಟ್ಟುಕೊಂಡು ಓಡಾಡಲು ಆಗುವುದಿಲ್ಲ.